ಪಕ್ಕವಾದ್ಯದವರಿಗೆ ನನ್ನ ನಮಸ್ಕಾರ

ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಹಾಡದೆ ಇದ್ದ ನಾನು ಕಳೆದ ವಾರ ಮತ್ತೆ ಪೂರ್ಣ ಪ್ರಮಾಣದ ಕಚೇರಿ ನಡೆಸಿದೆ. ವೈದ್ಯರಿಗೂ ಮನೆಯವರಿಗೂ ನನ್ನ ಕೃತಜ್ಞತೆಯನ್ನು ನೇರವಾಗಿಯೇ ತಿಳಿಸಿದ್ದೇನೆ. ಆದರೆ ಅಂದು ನನ್ನೊಂದಿಗೆ ವೇದಿಕೆಯಲ್ಲಿದ್ದ ಪಕ್ಕವಾದ್ಯದವರ ಉಪಕಾರವನ್ನು ಎಲ್ಲರೆದುರು ಹೇಳಲೇಬೇಕು, ಏಕೆಂದರೆ ಅವರು ಮಾಡಿದ್ದರಲ್ಲಿ ಹೆಚ್ಚಿನದು ಸಭಿಕರ ಗಮನಕ್ಕೆ ಬರುವಂಥದ್ದಲ್ಲ.

ಐದು ಮನೆ ಶ್ರುತಿಯಲ್ಲಿ (ಹಾಡಿಗೆ ಆಧಾರವಾದ ಸ್ವರದ ಎತ್ತರ) ಹಾಡುತ್ತಿದ್ದ ನಾನು ಈಗ ಅದಕ್ಕಿಂತ ತಗ್ಗಿನ ನಾಲ್ಕಕ್ಕೆ ಇಳಿದಿದ್ದೇನೆ. ಹೆಚ್ಚಿನ ಶ್ರುತಿಯ ಮೃದಂಗವನ್ನು ಅಷ್ಟು ಇಳಿಸಿದರೆ ಅದರ ನಾದವೇ ಸೊರಗುವುದರಿಂದ, ಮೃದಂಗ ವಿದ್ವಾಂಸರು ತಗ್ಗು ಶ್ರುತಿಗೆ ಒಗ್ಗುವ ಬೇರೊಂದು ವಾದ್ಯವನ್ನೇ ಸಿದ್ಧಪಡಿಸಿಕೊಂಡು ಬಂದರು. ಶ್ರುತಿಯ ವಿಷಯವೊಂದನ್ನು ಬಿಟ್ಟರೆ ನಾನು ಯಾರಿಗೂ ಮತ್ತೇನನ್ನೂ ಹೇಳಿರಲಿಲ್ಲ.

ಪಿಟೀಲು ವಿದುಷಿಯವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಕಲ್ಯಾಣಿ ರಾಗದ ಆಲಾಪನೆಯಲ್ಲಿ ನಾನು ತಾರಸ್ಥಾಯಿಯ (ಮೇಲಿನ ಸಪ್ತಕದ) ಗಾಂಧಾರಕ್ಕೆ ಹೋಗದೆ ಅಲ್ಲಿಯ ಷಡ್ಜದಲ್ಲೇ ನಿಂತು ಹಿಂದಿರುಗಿದೆ. ಅವರ ಸರದಿ ಬಂದಾಗ, ಮೇಲಿನ ಸ್ವರಗಳೆಲ್ಲ ಅವರ ಬೆರಳಿಗೆ ಸಲೀಸಾಗಿದ್ದರೂ, ಅವರು ಆ ಷಡ್ಜವನ್ನು ದಾಟಲಿಲ್ಲ. ಮಧ್ಯಸ್ಥಾಯಿಯ ನಿಷಾದ, ಗಾಂಧಾರಗಳ ಸುತ್ತಲೇ ರಾಗವನ್ನು ಬೆಳೆಸಿ, ಕೇಳುವವರಿಗೆ ಯಾವ ಕೊರತೆಯೂ ತೋರದಂತೆ ನೋಡಿಕೊಂಡರು. ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲಿನಲ್ಲಿ ನನ್ನ ಉಸಿರು ಸೋತದ್ದನ್ನು ಗ್ರಹಿಸಿ ತಮ್ಮ ಉತ್ತರವನ್ನು ಒಂದು ಆವರ್ತ (ತಾಳದ ಒಂದು ಸುತ್ತು) ಹೆಚ್ಚಿಸಿದರು. ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲೂ ಪಿಟೀಲು ಕೇಳಿಸಬೇಕೆಂದು ಟಿ. ಚೌಡಯ್ಯನವರು ಏಳು ತಂತಿಯ ವಾದ್ಯವನ್ನು ರೂಪಿಸಿಕೊಂಡಿದ್ದರು. ಅಂದು ನನಗೆ ಬೇಕಾಗಿದ್ದುದು ಇದಕ್ಕೆ ವಿರುದ್ಧವಾದದ್ದು, ನನ್ನ ಸಣ್ಣ ದನಿಯ ಮೇಲೇರದ ಬಿಲ್ಲು. ಅದನ್ನು ಅವರು ಕೇಳದೆಯೇ ಕೊಟ್ಟರು.

ಮೃದಂಗ ಮತ್ತು ಘಟದ ವಿದ್ವಾಂಸರು ತನಿ ಆವರ್ತನವನ್ನು (ತಾಳವಾದ್ಯಗಳಷ್ಟೇ ನುಡಿಯುವ ಭಾಗ) ನಿಧಾನವಾಗಿ, ತುಂಬು ವಿಸ್ತಾರದಲ್ಲಿ ನುಡಿಸಿದ್ದರಿಂದ ನನ್ನ ಗಂಟಲಿಗೆ ವಿಶ್ರಾಂತಿ ದೊರೆಯಿತು. ಮುಕ್ತಾಯದ ನಂತರ ನಾನು ಪಲ್ಲವಿಯನ್ನು ಎತ್ತಿಕೊಳ್ಳುವಾಗ ತಾಳದಲ್ಲಿ ಸ್ಥಳ ತಪ್ಪದಂತೆ ಅವರಿಬ್ಬರೂ ತಲೆದೂಗಿ ತೋರಿಸಿದ ವಿಶ್ವಾಸವನ್ನು ಮರೆಯಲಾರೆ.

ಪಾಲ್ಘಾಟ್ ಮಣಿ ಅಯ್ಯರ್ ಅವರು 1966ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದಾಗ ಆ ಗೌರವಕ್ಕೆ ಪಾತ್ರರಾದ ಮೊದಲ ಮೃದಂಗ ವಾದಕರಾಗಿದ್ದರು. ಅಷ್ಟು ದೊಡ್ಡ ಕಲಾವಿದರ ವಾದ್ಯಕ್ಕೂ ಮನ್ನಣೆ ತಡವಾಗಿಯೇ ಬಂದಿತು. ನನ್ನ ಕಚೇರಿಯನ್ನು ಮೆಚ್ಚಿ ಬರೆದ ಸಹೃದಯರಲ್ಲಿ ನನ್ನದೊಂದು ಕೋರಿಕೆ: ಆ ಮೆಚ್ಚುಗೆಯನ್ನು ದಯವಿಟ್ಟು ಈ ಮೂವರಿಗೂ, ಕೊನೆಯವರೆಗೆ ಶ್ರುತಿ ಕದಲದಂತೆ ತಂಬೂರಿ ಮೀಟಿದ ಶಿಷ್ಯೆಗೂ ತಲುಪಿಸಿರಿ. ಮುಂದಿನ ಕಚೇರಿಗೂ ಅವರೇ ಜೊತೆಗಿರಲು ಒಪ್ಪಿದ್ದಾರೆಂಬುದು ನನ್ನ ಭಾಗ್ಯ.