ಲೈಬ್ರರಿಗೆ ಇನ್ನೊಬ್ಬರನ್ನು ಕೊಡಿ

ಮಾನ್ಯರೇ,

‘ಲೈಬ್ರರಿಯವರಿಗೇನ್ರೀ, ಫ್ಯಾನ್ ಕೆಳಗೆ ಕೂತು ಪೇಪರ್ ಓದೋದು’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಒಂದು ಖಾಸಗಿ ಪದವಿ ಕಾಲೇಜಿನ ಗ್ರಂಥಪಾಲಕಿ. ಬೆಳಿಗ್ಗೆ ಸೀಲ್ ಹಾಕಿ ಇಟ್ಟ ಪೇಪರನ್ನು ನಾನು ಮತ್ತೆ ನೋಡುವುದು ಸಂಜೆ ಎತ್ತಿಡುವಾಗ.

ಪುಸ್ತಕ ಕೊಟ್ಟು ತಗೊಳ್ಳುವುದು ನಮ್ಮ ಕೆಲಸದ ಸಣ್ಣ ಭಾಗ. ಇ-ಪುಸ್ತಕ, ಇ-ಜರ್ನಲ್ ಓದುವ ಆನ್‌ಲೈನ್ ಸೌಲಭ್ಯವಾದ ಎನ್-ಲಿಸ್ಟ್‌ಗೆ ವಿದ್ಯಾರ್ಥಿಗಳ ಐಡಿ ಮಾಡಿಕೊಡಬೇಕು. ಪಾಸ್‌ವರ್ಡ್ ಮರೆತವರು ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಬಂತೆಂದರೆ ಐದು ವರ್ಷದ ಖರೀದಿ ಲೆಕ್ಕ ಕೊಡಬೇಕು. ಪರೀಕ್ಷೆ ಹೊತ್ತಿನಲ್ಲಿ ರಾತ್ರಿ ಎಂಟರವರೆಗೆ ಬಾಗಿಲು ತೆಗೆದಿರಬೇಕು. ಮಕ್ಕಳು ಓದಲಿ, ಬೇಡ ಅನ್ನುವವರು ಯಾರು? ಆದರೆ ಇದ್ದ ಒಬ್ಬ ಅಟೆಂಡರನ್ನೂ ಅಡ್ಮಿಷನ್ ಕೆಲಸಕ್ಕೆಂದು ಆಫೀಸಿಗೆ ಕರೆದುಕೊಂಡವರು ಇನ್ನೂ ವಾಪಸ್ ಕಳಿಸಿಲ್ಲ.

ಇಷ್ಟನ್ನು ಹೇಗೋ ನಿಭಾಯಿಸಬಹುದು. ನಿದ್ದೆ ಕೆಡಿಸುವುದು ಅಕ್ಸೆಶನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ದಾಖಲೆ ಪುಸ್ತಕ. ಅದರಲ್ಲಿರುವ ಅಷ್ಟೂ ಪುಸ್ತಕಗಳಿಗೆ ಒಬ್ಬರೇ ಜವಾಬ್ದಾರರು. ರಜೆ ಹಾಕಿದರೆ ಬೀಗದ ಕೈ ಯಾರ ಕೈಗೆ ಕೊಡುವುದು? ಹಾಗಾಗಿ ಜ್ವರ ಬಂದರೂ ಬರುತ್ತೇವೆ. ಮೇಷ್ಟ್ರುಗಳಿಗೆ ಬೇಸಿಗೆ ರಜೆ, ನಮಗೆ ಸ್ಟಾಕ್ ವೆರಿಫಿಕೇಷನ್. ಸ್ಟೂಲ್ ಹತ್ತಿ ಪುಸ್ತಕ ತೆರೆದು ನಂಬರ್ ನೋಡು, ಇಳಿದು ಟಿಕ್ ಹಾಕು, ಮತ್ತೆ ಹತ್ತು. ಕಾಮರ್ಸ್ ಪುಸ್ತಕವನ್ನು ಕನ್ನಡ ಕಾದಂಬರಿಗಳ ಹಿಂದೆ ಬಚ್ಚಿಟ್ಟು ಹೋಗುವ ಜಾಣರೂ ಇದ್ದಾರೆ! ಹೋದ ವರ್ಷ ಸಿಗದ ಪುಸ್ತಕಗಳ ದುಡ್ಡನ್ನು ನನ್ನ ಸಂಬಳದಲ್ಲೇ ಮುರಿದುಕೊಂಡರು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಎಷ್ಟೋ ಉದಾರವಾಗಿವೆ. ಓದುಗರ ಕೈಗೆ ಹೋದ ಪ್ರತಿ 1,000 ಪುಸ್ತಕಕ್ಕೆ ವರ್ಷಕ್ಕೆ 5 ಕಳೆದರೆ ಅದು ಸಹಜ ನಷ್ಟ. ಮೋಸ, ಅಸಡ್ಡೆ ಇರಬಾರದು ಅಷ್ಟೆ. ಸಾವಿರ ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. 20,000ದಿಂದ 50,000 ಪುಸ್ತಕ ಇರುವ ಕಡೆ ಪೂರ್ತಿ ಎಣಿಕೆ ಮೂರು ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಪ್ರತಿ ವರ್ಷ ಎಣಿಸಬೇಕು. ಕೇಳಿದರೆ ‘ಅದು ಸರ್ಕಾರಿ ಕಚೇರಿಗಳಿಗೆ, ನಮಗಲ್ಲ’ ಎನ್ನುತ್ತಾರೆ. ಸರಿ, ಹಾಗಾದರೆ ನಿಮ್ಮದೇ ಒಂದು ನಿಯಮ ಬರೆದಿಡಿ ಅಲ್ವಾ?

ಕೆಲಸದ ಒತ್ತಡದಿಂದ ಬರುವ ಇಂಥ ದಣಿವನ್ನು, ಅಂದರೆ ಬರ್ನ್‌ಔಟನ್ನು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸಮಸ್ಯೆ ಎಂದೇ ಗುರುತಿಸಿತು. ನಮ್ಮ ಕಡೆ ಅದಕ್ಕೆ ಮದ್ದು ‘ಒತ್ತಡ ನಿರ್ವಹಣೆ’ಯ ಆನ್‌ಲೈನ್ ಕಾರ್ಯಾಗಾರ. ಅದೂ ಭಾನುವಾರ.

ಆಗಸ್ಟ್ 12ರಂದು, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಹುಟ್ಟಿದ ದಿನ, ಗ್ರಂಥಪಾಲಕರಿಗೆ ಶಾಲು ಹೊದಿಸಿ ಫೋಟೊ ತೆಗೆಸುತ್ತಾರೆ. ಈ ಸಲ ಶಾಲು ಬೇಡ. ಅಟೆಂಡರನ್ನು ವಾಪಸ್ ಕಳಿಸಿ. ನಾವು ರಜೆ ಹಾಕಿದ ದಿನ ಚಾರ್ಜ್ ಯಾರಿಗೆ ಎಂದು ಬರಹದಲ್ಲಿ ಕೊಡಿ. ಎಣಿಕೆಗೆ ಬೇಸಿಗೆಯಲ್ಲಿ ಕರೆಸಿದರೆ, ಅಷ್ಟು ದಿನದ ಗಳಿಕೆ ರಜೆ ನಮ್ಮ ಲೆಕ್ಕಕ್ಕೆ ಸೇರಿಸಿ.

– ಒಬ್ಬ ಗ್ರಂಥಪಾಲಕಿ, ತುಮಕೂರು ಜಿಲ್ಲೆ