ಅವ್ವನನ್ನು ಅಡುಗೆಮನೆಯಲ್ಲೇ ಬಿಟ್ಟೆಯಲ್ಲ

ಧಾರವಾಡ

ತಂಗೀ,

ನಿನ್ನ ಕಥೆ ಓದಿದೆ. ಮೊದಲು ಹಿಡಿಸಿದ್ದನ್ನು ಹೇಳಿಬಿಡುತ್ತೇನೆ. ಅವ್ವ-ಅಪ್ಪ ಮಾತು ಬಿಟ್ಟ ಮನೆಯಲ್ಲಿ ಮಗಳು ಇಬ್ಬರ ನಡುವೆ ಓಡಾಡುವ ಪುಟ ಇದೆಯಲ್ಲ, ಅದು ನಿನ್ನದೇ. "ನಿಮ್ಮಪ್ಪಗ ಕೇಳು, ಉಣ್ಣಾಕ ಬರ್ತಾನೋ ಏನು." ಅಪ್ಪ ಅಲ್ಲೇ ಪಡಸಾಲೆಯಲ್ಲಿ ಕೂತಿದ್ದಾನೆ, ಎಲ್ಲ ಕೇಳಿಸಿದೆ. ಆದರೂ ಹುಡುಗಿ ಹೊಸ್ತಿಲು ದಾಟಿ ಬಂದು ಅದನ್ನೇ ಮತ್ತೆ ಹೇಳಬೇಕು. "ಹಸಿವಿಲ್ಲಂತ ಹೇಳು." ರಾಣೆಬೆನ್ನೂರು, ಹಾನಗಲ್ಲು, ಗದಗ, ಎಲ್ಲಿ ಬೇಕಾದರೂ ಇಂಥ ಮನೆ ಸಿಗುತ್ತದೆ. ಇದನ್ನು ಯಾರೂ ಜಗಳ ಅನ್ನುವುದೂ ಇಲ್ಲ.

ತೊಂದರೆ ಕೊನೆಯ ಪುಟದ್ದು. ಹುಡುಗಿ ಧಾರವಾಡಕ್ಕೆ ಓದಲು ಬರುತ್ತಾಳೆ. ಲೈಬ್ರರಿಯ ಪುಸ್ತಕದಲ್ಲಿ 'ಎಲೆಕ್ಟ್ರಾ ಕಾಂಪ್ಲೆಕ್ಸ್' ಎಂಬ ಮಾತು ಕಾಣುತ್ತದೆ, ಮಗಳು ಅಪ್ಪನಿಗೆ ಅಂಟಿಕೊಂಡು ಅವ್ವನ ಜೊತೆ ಪೈಪೋಟಿಗೆ ಬೀಳುವುದಕ್ಕೆ ಮನಶ್ಶಾಸ್ತ್ರದವರು ಇಟ್ಟ ಹೆಸರು. ಅಪ್ಪನ ಮೇಲಿನ ಪ್ರೀತಿ, ಅವ್ವನ ಮೇಲಿನ ಸಿಟ್ಟು, ಎಲ್ಲಕ್ಕೂ ಕಾರಣ ಸಿಕ್ಕಿಬಿಡುತ್ತದೆ. ಇಷ್ಟು ಹೊತ್ತು ಉಸಿರಾಡುತ್ತಿದ್ದ ಹುಡುಗಿ ಅಲ್ಲಿ ಆಸ್ಪತ್ರೆಯ ಕೇಸ್ ಪೇಪರ್ ಆಗಿಬಿಟ್ಟಳು.

ಅದೂ ಅಲ್ಲದೆ ಆ ಹೆಸರು ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ಡಾಕ್ಟರ್ ಫ್ರಾಯ್ಡ್ ಕೊಟ್ಟಿದ್ದಲ್ಲ. 1913ರಲ್ಲಿ ಅವನ ಜೊತೆಗಾರನಾಗಿದ್ದ ಯೂಂಗ್ ತಂದದ್ದು. ಫ್ರಾಯ್ಡ್ ಅದನ್ನು ಒಪ್ಪಲೇ ಇಲ್ಲ. ಗಂಡುಮಗುವಿನಂತೆ ಹೆಣ್ಣುಮಗುವಿಗೂ ಮೊದಲ ಪ್ರೀತಿ ತಾಯಿಯೇ ಅನ್ನುವುದು ಅವನ ಮಾತು. ಹಾಗಿದ್ದ ಮೇಲೆ ಅವ್ವನ ಮೇಲೆ ಪ್ರೀತಿ, ಅಪ್ಪನ ಮೇಲೆ ಸಿಟ್ಟು ಅನ್ನುವ ಮಗನ ಕಥೆಯನ್ನು ಸುಮ್ನೆ ತಿರುಗಿಸಿ ಇಟ್ಟರೆ ಮಗಳ ಕಥೆ ಆಗುವುದಿಲ್ಲ.

ನಿನಗೆ ಫ್ರಾಯ್ಡ್ ಬೇಕೇ ಬೇಕು ಅಂದರೆ ಡೋರಾಳ ಕೇಸ್ ಓದು. 1900ರ ಕೊನೆಯಲ್ಲಿ, ವಿಯೆನ್ನಾದಲ್ಲಿ, 18 ವರ್ಷದ ಹುಡುಗಿಯನ್ನು ಅವಳ ಅಪ್ಪನೇ ಚಿಕಿತ್ಸೆಗೆಂದು ಫ್ರಾಯ್ಡ್‌ಗೆ ಒಪ್ಪಿಸಿದ. ಕೆಮ್ಮು, ಆಗಾಗ ದನಿ ಹೋಗುವುದು, ಸಾಯುತ್ತೇನೆಂದು ಬರೆದಿಟ್ಟ ಚೀಟಿ. ಅಪ್ಪನಿಗೆ ಸ್ನೇಹಿತನ ಹೆಂಡತಿಯ ಜೊತೆ ಸಂಬಂಧ. ಆ ಸ್ನೇಹಿತ ಡೋರಾಳ ಮೇಲೆ ಕಣ್ಣು ಹಾಕಿದ್ದ, ಕೈಯನ್ನೂ ಹಾಕಿದ್ದ. ಅವಳು ಮನೆಯಲ್ಲಿ ಹೇಳಿದಳು, ಅಪ್ಪ ನಂಬಲಿಲ್ಲ. ಅಪ್ಪನ ಸಂಬಂಧಕ್ಕೆ ಬದಲಾಗಿ ತನ್ನನ್ನು ಕೊಟ್ಟಿದ್ದಾರೆ ಅನ್ನುವುದೇ ಅವಳ ಸಂಕಟ. ಫ್ರಾಯ್ಡ್ ಅವಳ ಮಾತು ನಂಬಿದ. ನಂಬಿಯೂ, ಒಳಗೊಳಗೆ ಆ ಗಂಡಸನ್ನು ನೀನೇ ಬಯಸಿದ್ದೆ ಎಂದು ಒಪ್ಪಿಸಲು ಹೊರಟ. ಡಿಸೆಂಬರ್ 31ಕ್ಕೆ ಅವಳು ಬರುವುದನ್ನೇ ನಿಲ್ಲಿಸಿದಳು. ಸರಿಯಾಗೇ ಮಾಡಿದಳು ಅಂತ ನನಗೆ ಅನ್ನಿಸುತ್ತದೆ.

ಇದರಲ್ಲಿ ಡೋರಾಳ ಅವ್ವ ಎಲ್ಲಿ? ದಿನವಿಡೀ ಮನೆ ಗುಡಿಸಿ, ಒರೆಸಿ, ತೊಳೆಯುವ, ಓದು ಬರಹ ಕಡಿಮೆಯ ಹೆಂಗಸು ಅಂತ ಬರೆದು ಮುಗಿಸುತ್ತಾನೆ. ಅವಳನ್ನು ಅವನು ಕಂಡೇ ಇರಲಿಲ್ಲ. ಅಪ್ಪ-ಮಗಳು ಹೇಳಿದ್ದೇ ಆಧಾರ. ಗಂಡನಿಗೆ ಗುಹ್ಯರೋಗ ಇತ್ತು, ಅದು ಅವ್ವನಿಗೂ ಅಂಟಿತ್ತೆಂದು ಡೋರಾ ತಿಳಿದಿದ್ದಳು ಎನ್ನುವುದೂ ಅದೇ ಬರಹದಲ್ಲಿದೆ. ಆಕೆ ಏನನ್ನು ತೊಳೆಯುತ್ತಿದ್ದಳೋ! ಕಥೆಗಾರ್ತಿ ಆದವಳು ಅಲ್ಲಿಂದಲೇ ಶುರು ಮಾಡಬೇಕಿತ್ತು. ಫ್ರಾಯ್ಡ್ ಮುಟ್ಟಿ ಮುಂದೆ ಹೋದ.

ನಿನ್ನ ಕಥೆಯ ಅವ್ವನೂ ಹಾಗೇ ರೊಟ್ಟಿ ಬಡಿಯುತ್ತಾಳೆ, ಗೊಣಗುತ್ತಾಳೆ, ಅಷ್ಟೇ.

1931ರ ಹೊತ್ತಿಗೆ, 75ರ ಮುದುಕ, ಅದೇ ಫ್ರಾಯ್ಡ್ ಬೇರೆ ಮಾತು ಬರೆದ. ಅಪ್ಪನಿಗೆ ಅಂಟಿಕೊಂಡ ಮಗಳ ಹಿಂದೆ ಅವ್ವನಿಗೆ ಅಂಟಿಕೊಂಡಿದ್ದ ಒಂದು ಹಳೆಯ ಕಾಲ ಇರುತ್ತದೆ, ಅದು ತನಗೆ ತಡವಾಗಿ ಕಂಡಿತು ಎಂದ. ಗ್ರೀಕರ ನಾಗರಿಕತೆಯ ಹಿಂದೆ ಅದಕ್ಕಿಂತ ಹಳೆಯ ಮಿನೋವನ್-ಮೈಸೀನಿಯನ್ ನಾಗರಿಕತೆ ಸಿಕ್ಕಿದ ಹಾಗೆ ಅಂತ ಅವನೇ ಕೊಟ್ಟ ಹೋಲಿಕೆ. ಮುಂದೆ 1978ರಲ್ಲಿ ಅಮೆರಿಕದ ಸ್ತ್ರೀವಾದಿ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಚೊಡೊರೊ ಆ ಎಳೆ ಹಿಡಿದು ಬಹಳ ದೂರ ಹೋದಳು. ತಾಯಿ ಮಗಳಲ್ಲಿ ತನ್ನನ್ನೇ ಕಾಣುತ್ತಾಳೆ, ಹಾಗಾಗಿ ಮಗಳು ಬಿಡಿಸಿಕೊಳ್ಳುವುದು ಮಗನಷ್ಟು ಸಲೀಸಲ್ಲ ಅನ್ನುತ್ತಾಳೆ.

ಈಗ ನಿನ್ನ ಕಥೆಗೆ ಬಾ. ಅವ್ವ ತನ್ನ ತಮ್ಮನಿಗೆ ಮಗಳನ್ನು ಕೊಡಬೇಕು ಅಂದುಕೊಂಡಿದ್ದಳು ಎಂದು ಒಂದೇ ಸಾಲು ಬರೆದು ದಾಟಿದ್ದೀಯ. ನಿನ್ನ ಕಥೆ ಇರುವುದೇ ಅಲ್ಲಿ, ಹುಚ್ಚೀ! ಸೋದರಮಾವನಿಗೆ ಕೊಟ್ಟರೆ ಅವ್ವನ ತವರುಮನೆಯೇ ಮಗಳ ಗಂಡನ ಮನೆ. ಅಜ್ಜಿಯೇ ಅತ್ತೆ. ವಿಯೆನ್ನಾದಲ್ಲಿ ಕೂತು ತಾಯಿ, ತಂದೆ, ಮಗು ಅಂತ ಮೂರು ಮೂಲೆ ಎಳೆದವರಿಗೆ ಇಂಥ ಮನೆ ಎಲ್ಲಿ ಗೊತ್ತಿರಬೇಕು? ತಾನು ಬಿಟ್ಟು ಬಂದ ಮನೆಗೆ ಮಗಳನ್ನು ಕಳಿಸಬೇಕು ಅನ್ನುವ ಹೆಂಗಸಿಗೆ ಏನು ಬೇಕಾಗಿದೆ? ಮಗಳು ಸುಖವಾಗಿರಲಿ ಅಂತಲೋ, ತಮ್ಮನ ಋಣವೋ, ತಾನೇ ಒಂದು ಸಲ ವಾಪಸ್ ಹೋಗುವ ಆಸೆಯೋ? ಉತ್ತರ ನೀನೂ ಕೊಡಬೇಡ. ಆದರೆ ಹುಡುಗಿ "ಒಲ್ಲೆ" ಅಂದ ದಿನ ಅವ್ವ ಏನು ಮಾಡಿದಳು ಅಂತ ನನಗೆ ಗೊತ್ತಾಗಲೇಬೇಕು. ಮಾತು ಬಿಟ್ಟಿದ್ದು ಆಗಲೇ ಏನು? ಅಪ್ಪ ಮಗಳ ಕಡೆ ನಿಂತನೇ?

ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿಯಿಂದ ಕಥೆಯೊಂದನ್ನು ಕೇಳಿ ಬರೆದುಕೊಂಡಿದ್ದರು. ಹೆತ್ತ ಮಗನನ್ನೇ ಮದುವೆಯಾಗುತ್ತೀ ಅಂತ ಹಣೆಯಲ್ಲಿ ಬರೆಸಿಕೊಂಡು ಹುಟ್ಟಿದ ಹುಡುಗಿಯ ಕಥೆ. ತಿಳಿಯದೆ ಹೆತ್ತ ತಾಯಿಯನ್ನೇ ಮದುವೆಯಾದ ಗ್ರೀಕ್ ಕಥೆಯ ಈಡಿಪಸ್‌ನದೇ ಸಂಗತಿ, ಆದರೆ ಮುದುಕಿ ಆ ಹೆಂಗಸಿನ ಬೆನ್ನು ಬಿಡದೆ ಕೊನೆಯವರೆಗೂ ಹೋಗುತ್ತಾಳೆ. ಮಗ ಅದರಲ್ಲಿ ಬಂದು ಹೋಗುವವನು. ನಿನಗೆ ಮೇಷ್ಟ್ರು ಬೇಕಿದ್ದರೆ ಆ ಮುದುಕಿಯನ್ನೇ ಹಿಡಿದುಕೋ.

ಕೊನೆಯ ಪುಟ ಹರಿದುಹಾಕು. ಅವ್ವನ ಒಂದು ಮಧ್ಯಾಹ್ನ ಬರೆ, ಮಗಳು ಮನೆಯಲ್ಲಿ ಇಲ್ಲದ ಮಧ್ಯಾಹ್ನ. ಪಂಚಮಿಗೆ ಹೇಗೂ ಊರಿಗೆ ಹೋಗುತ್ತೀ. ಉಂಡಿ ಕಟ್ಟುವಾಗ ಪಕ್ಕದಲ್ಲಿ ಕೂತು ಅವ್ವನ ತಮ್ಮ ಸಣ್ಣವನಿದ್ದಾಗಿನ ಸುದ್ದಿ ತೆಗೆ, ತಾನಾಗಿ ಮಾತಾಡುತ್ತಾಳೆ. ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ಹೋಗಬೇಡ, ಬಾಯಿ ಮುಚ್ಚಿಬಿಡುತ್ತಾಳೆ.

ಈ ಸಲ ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಅವಸರ ಬೇಡ. ಫ್ರಾಯ್ಡ್ ಡೋರಾಳ ಕೇಸ್ ಬರೆದದ್ದು 1901ರ ಜನವರಿಯಲ್ಲಿ, ಅಚ್ಚಿಗೆ ಕೊಟ್ಟಿದ್ದು 1905ರಲ್ಲಿ. ಮನೆಯವರ ಕಥೆಗೆ ಅಷ್ಟಾದರೂ ಪುರಸೊತ್ತು ಬೇಕು. ಅಚ್ಚಾದ ಮೇಲೆ ನಿಮ್ಮೂರಲ್ಲಿ ಯಾರಾದರೂ ಅದನ್ನು ಅವ್ವನಿಗೆ ಓದಿ ಹೇಳೇ ಹೇಳುತ್ತಾರೆ. ಅಷ್ಟರೊಳಗೆ ಊರು, ತಮ್ಮನ ಕಸುಬು ಎರಡನ್ನೂ ಬದಲಿಸು.

ಪ್ರತಿಯಲ್ಲಿ ಪೆನ್ಸಿಲ್ ಗುರುತು ಹಾಕಿ ಇಟ್ಟಿದ್ದೇನೆ. ಹುಬ್ಬಳ್ಳಿಯಿಂದ ಯಾವತ್ತು ಬರುತ್ತೀ, ಫೋನ್ ಮಾಡು. ಭಾನುವಾರ ಬೇಡ.

ನಿನ್ನ
ಅಕ್ಕಾವ್ರು