ಕಾಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ಮಾರ್ಚ್ 20ರ ಗುಬ್ಬಚ್ಚಿ ದಿನ ಬಂತೆಂದರೆ ‘ಮೊಬೈಲ್ ಟವರ್‌ಗಳಿಂದ ಗುಬ್ಬಚ್ಚಿ ಸರ್ವನಾಶ’ ಎಂಬ ಭಾಷಣ ಶುರುವಾಗುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿ ಹೇಳಿದ್ದೇ ಬೇರೆ. ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಒಟ್ಟಾರೆ ಸ್ಥಿರವಾಗಿದೆ, ಇಳಿದಿರುವುದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ. ಟವರ್‌ಗಳನ್ನು ದೂರಲು ಗಟ್ಟಿ ಪುರಾವೆಯಿಲ್ಲ. ಅದೇ ಸರಣಿಯ 2023ರ ವರದಿ ನಮ್ಮ ರಾಜ್ಯಪಕ್ಷಿ ನೀಲಕಂಠ ಕ್ಷೀಣಿಸುತ್ತಿದೆ ಎಂದು ಎಚ್ಚರಿಸಿತು. ಹೊಲದ ಬದಿಯ ತಂತಿಯ ಮೇಲೆ ಕುಳಿತು ಮಿಡತೆಗೆ ಹೊಂಚು ಹಾಕುವ ಈ ಹಕ್ಕಿಯ ಬಗ್ಗೆ ಯಾವ ವೇದಿಕೆಯಲ್ಲೂ ಭಾಷಣ ಕೇಳಿಸಲಿಲ್ಲ.

ನೀಲಕಂಠ ಕ್ಷೀಣಿಸುತ್ತಿರುವ ಸಂಗತಿ ವಿಜ್ಞಾನಿಗಳಿಗೆ ತಿಳಿದದ್ದು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು, ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ‘ಇ-ಬರ್ಡ್’ ಜಾಲತಾಣಕ್ಕೆ ಸೇರಿಸಿದ ಮೂರು ಕೋಟಿಗೂ ಮಿಕ್ಕ ದಾಖಲೆಗಳಿಂದ. ಅವರಲ್ಲಿ ಬಹುಪಾಲು ಹವ್ಯಾಸಿಗಳು. ಪರಿಸರಕ್ಕಾಗಿ ಏನಾದರೂ ಮಾಡಬೇಕೆಂದು ಚಡಪಡಿಸುವವರಿಗೆ ಇದಕ್ಕಿಂತ ಅಗ್ಗದ ದಾರಿ ನನಗಂತೂ ತೋರದು. ಕೆರೆ ಏರಿಯ ಮೇಲೆ ಕಾಲು ಗಂಟೆ ನಿಂತು ಕಾಗೆ 9, ಗೊರವಂಕ 14, ಬೆಳ್ಳಕ್ಕಿ 22, ಪಿಕಳಾರ 3 ಎಂದು ಬರೆದು, ಜಾಗ ಮತ್ತು ಹೊತ್ತನ್ನು ನಮೂದಿಸಿದರೆ ಅದೊಂದು ದಾಖಲೆ. ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು ಎಂಬುದಷ್ಟೇ ಮುಖ್ಯ. ಪಟ್ಟಿ ಪೂರ್ಣವಾಗಿದ್ದರೆ ಕಾಣದ ಹಕ್ಕಿಯೂ ಸುದ್ದಿ ಹೇಳುತ್ತದೆ. ಅಪರೂಪದ್ದು ಕಂಡಾಗ ಮಾತ್ರ ಫೋಟೊ ಹಾಕಿ, ಕಾಗೆಯನ್ನು ಕೈಬಿಡುವ ಚಾಳಿ ನಮ್ಮಲ್ಲಿ ಹೆಚ್ಚು. ಮುಂದೊಂದು ದಿನ ಕಾಗೆ ಕಡಿಮೆಯಾದರೆ ಹಿಂದೆ ಎಷ್ಟಿತ್ತೆಂದು ಯಾರನ್ನು ಕೇಳುವುದು? ಹಕ್ಕಿ ಬೇಡವೆನ್ನುವವರು ಮರಗಳ ಋತುಬದಲಾವಣೆಯನ್ನು ಜನರಿಂದಲೇ ದಾಖಲಿಸುವ ‘ಸೀಸನ್‌ವಾಚ್’ ಯೋಜನೆಗಾಗಿ ಮನೆಮುಂದಿನ ಹೊಂಗೆಯನ್ನೋ ಮಾವನ್ನೋ ವಾರಕ್ಕೊಮ್ಮೆ ನೋಡಿ, ಚಿಗುರು, ಹೂವು, ಕಾಯಿಯ ಲೆಕ್ಕ ಕೊಡಬಹುದು.

ಇನ್ನೊಂದು ಮಾತು, ಸ್ವಲ್ಪ ಕಹಿ. ಮಳೆ ಬಿದ್ದೊಡನೆ ಸಂಘ ಸಂಸ್ಥೆಗಳು ಬೀಜದುಂಡೆಯ ಬುಟ್ಟಿ ಹೊತ್ತು ‘ಬರಡು’ ನೆಲ ಹುಡುಕುತ್ತಾ ಹೊರಡುತ್ತವೆ. ನಮ್ಮ ತುಮಕೂರು, ಚಿತ್ರದುರ್ಗ, ಹಾಸನ ಸೀಮೆಯ ಅಮೃತಮಹಲ್ ಕಾವಲುಗಳು ಬರಡಲ್ಲ, ಹುಲ್ಲುಗಾವಲುಗಳು. ಅಲ್ಲಿ ನೆಲಗುಬ್ಬಿ ಬಯಲಲ್ಲೇ ಗೂಡು ಕಟ್ಟುತ್ತದೆ, ಕೃಷ್ಣಮೃಗ ಓಡಾಡುತ್ತದೆ. ಬಯಲನ್ನೇ ನೆಚ್ಚಿದ ಹಕ್ಕಿಗಳು ವೇಗವಾಗಿ ಕುಸಿಯುತ್ತಿವೆ ಎಂದು 2023ರ ವರದಿಯೇ ಹೇಳಿದೆ. ಅಂಥ ಜಾಗವನ್ನು ಮರಗಳಿಂದ ತುಂಬಿಸಿದರೆ ಅವು ಹೋಗುವುದೆಲ್ಲಿಗೆ? ಸಸಿ ನೆಡುವ ಕಾರ್ಯಕ್ರಮಕ್ಕೆ ಚಂದಾ ಕೇಳಲು ಬಂದವರನ್ನು ‘ಈ ನೆಲದಲ್ಲಿ ಮೊದಲು ಏನಿತ್ತು? ಕಳೆದ ವರ್ಷ ನೆಟ್ಟಿದ್ದರಲ್ಲಿ ಎಷ್ಟು ಉಳಿದಿವೆ?’ ಎಂದು ಕೇಳಿಯೇ ಹಣ ಕೊಡುವುದು ಲೇಸು. ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ತಾವು ಅದರ ದಿನಾಂಕ ಮತ್ತು ಭಾಗವಹಿಸುವ ವಿಧಾನವನ್ನು ಒಂದು ವಾರ ಮೊದಲೇ ಜಿಲ್ಲಾ ಪುಟಗಳಲ್ಲಿ ಪ್ರಕಟಿಸಿ, ಎಣಿಕೆ ಮುಗಿದ ಮೇಲೆ ಯಾವ ತಾಲ್ಲೂಕಿನಿಂದ ಎಷ್ಟು ಪಟ್ಟಿ ಬಂದವೆಂಬುದನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಚಿಕ್ಕನಾಯಕನಹಳ್ಳಿ